ಸ್ಯಾಕ್ಸ್ ಮಾಡಿದ ವಾದ್ಯ, ಕದ್ರಿಯವರು ಮಾಡಿದ ವಾದ್ಯ



ಮಂಗಳೂರಿನಲ್ಲಿ ಸ್ಯಾಕ್ಸೋಫೋನ್ ಎಂದೊಡನೆ ನಾಲಿಗೆಗೆ ಬರುವುದು ಕದ್ರಿ ಗೋಪಾಲನಾಥರ ಹೆಸರು. ಅದು ಸಹಜವೇ. ಆದರೆ ಅವರ ಸಾಧನೆಯ ಅಳತೆ ಸಿಗಬೇಕಾದರೆ, ಆ ವಾದ್ಯಕ್ಕೆ ತನ್ನ ಹೆಸರನ್ನೇ ಕೊಟ್ಟವನಿಂದ ಮಾತು ಆರಂಭವಾಗಬೇಕು.

ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಇಂದಿನ ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ ಹುಟ್ಟಿದ. ತಂದೆ ವಾದ್ಯ ತಯಾರಕ. ಮಗ ಬ್ರಸೆಲ್ಸ್‌ನಲ್ಲಿ ಕೊಳಲು, ಕ್ಲಾರಿನೆಟ್ ಕಲಿಯುತ್ತಲೇ ಅಪ್ಪನ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡ. ನುಡಿಸುವಾಗ ತೊಡರಿದ್ದನ್ನು ಕೆಲಸದ ಮೇಜಿನ ಮೇಲೆ ಸರಿಪಡಿಸಬಲ್ಲವನಾದ. 1842ರಲ್ಲಿ ಪ್ಯಾರಿಸ್‌ಗೆ ವಲಸೆ ಹೋದಾಗ ಕೈಯಲ್ಲಿ ಕಾಸಿರಲಿಲ್ಲ. ಸಂಗೀತಕಾರ ಬೆರ್ಲಿಯೋಜ್ ಪತ್ರಿಕೆಯಲ್ಲಿ ಆತನನ್ನು ಮೆಚ್ಚಿ ಬರೆದ. 1846ರಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ದೊರೆಯಿತು. ಫ್ರೆಂಚ್ ಸೈನ್ಯದ ಬ್ಯಾಂಡುಗಳಿಗೂ ಆತನ ವಾದ್ಯಗಳು ಸೇರಿದವು. ಸ್ಥಳೀಯ ತಯಾರಕರಿಗೆ ಇದನ್ನು ಸಹಿಸಲಾಗಲಿಲ್ಲ. ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು, ವರ್ಷಗಟ್ಟಲೆ ಬಿಡಲಿಲ್ಲ. 1852, 1873, 1877 ಎಂದು ಮೂರು ಸಲ ದಿವಾಳಿಯಾದ ಸ್ಯಾಕ್ಸ್, 1894ರಲ್ಲಿ ಬಡತನದಲ್ಲೇ ತೀರಿಕೊಂಡ. ಜಗತ್ತಿನ ಮೂಲೆಮೂಲೆಗೂ ಹೋದ ವಾದ್ಯದ ಒಡೆಯನಿಗೆ ಈ ಗತಿ ಬಂದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ವಾದಕರು. ಹುಡುಗನಿಗೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡಿತು. ಮನಸ್ಸು ಅಲ್ಲೇ ನೆಟ್ಟಿತು.

ಆ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸುವ ಕಷ್ಟ ಎಲ್ಲಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲಿರುತ್ತದೆ. ಅರ್ಧ ಮುಚ್ಚಬಹುದು, ಕಾಲು ತೆರೆಯಬಹುದು, ಉಸಿರಿನ ಜತೆ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೆ ರಂಧ್ರವೇ ತಾಗುವುದಿಲ್ಲ. ಕೀಲಿ ಒತ್ತಿದರೆ ಪ್ಯಾಡ್ ಬಂದು ರಂಧ್ರವನ್ನು ಮುಚ್ಚುತ್ತದೆ. ಬ್ಯಾಂಡಿಗೆ ಬೇಕಾದ ಸ್ಥಿರ ಸ್ವರಕ್ಕೆ ಇದು ಬಹಳ ಅನುಕೂಲ. ಆದರೆ ತೋಡಿ ರಾಗದ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವೇ? ಅದು ತೂಗಬೇಕು, ಪಕ್ಕದ ಸ್ವರಗಳನ್ನು ಮುಟ್ಟಿ ಬರಬೇಕು. ಹಾಗೆ ತೂಗುವ ಗಮಕವಿಲ್ಲದ ತೋಡಿ ತೋಡಿಯೇ ಅಲ್ಲ.

ಗೋಪಾಲನಾಥರು ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ವಾದ್ಯ ವಶವಾಗಲು ಸುಮಾರು 20 ವರ್ಷ ಹಿಡಿಯಿತು. ಉಸಿರು, ತುಟಿಗಳ ಸಾಧನೆಯಷ್ಟೇ ಸಾಲದೆ, ಕೀಲಿ, ಪ್ಯಾಡುಗಳನ್ನೂ ತಮಗೆ ಬೇಕಾದ ಹಾಗೆ ಮಾರ್ಪಡಿಸಿಕೊಂಡರು. ಅವರನ್ನು ವಾದಕರೆಂದಷ್ಟೇ ಕರೆದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ. ಪ್ಯಾರಿಸ್‌ನಲ್ಲಿ ಅರ್ಧವಾಗಿದ್ದ ಕೆಲಸವನ್ನು, ನಮ್ಮ ಸಂಗೀತದ ಮಟ್ಟಿಗೆ, ಪೂರ್ತಿ ಮಾಡಿದವರು ಅವರು. ವಾದ್ಯ ತಯಾರಕರ ಸಾಲಿನಲ್ಲೇ ಅವರಿಗೆ ಜಾಗ ಸಲ್ಲಬೇಕು.

ಮುಂದಿನದು ನಿಮಗೆಲ್ಲ ಗೊತ್ತಿರುವುದೇ. 1980ರ ಮುಂಬೈ ಜಾಝ್ ಉತ್ಸವದಲ್ಲಿ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರ ಜತೆ ನುಡಿಸಿದ್ದು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ, 2004ರಲ್ಲಿ ಪದ್ಮಶ್ರೀ. ಈ ಗೌರವಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ನಮ್ಮ ಊರುಗಳಲ್ಲಿ ಆದ ಬದಲಾವಣೆ. ಇಂದು ತುಳುನಾಡಿನ ದೇವಸ್ಥಾನಗಳ ಉತ್ಸವದಲ್ಲಿ, ಭೂತಕೋಲದಲ್ಲಿ, ಮದುವೆಮನೆಯಲ್ಲಿ ಸ್ಯಾಕ್ಸೋಫೋನ್ ಕೇಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಣ್ಣುಮಕ್ಕಳೂ ಅದನ್ನು ಹಿಡಿದು ಕಛೇರಿಗೆ ಕೂರುತ್ತಿದ್ದಾರೆ. ಎಷ್ಟೋ ಮನೆಗಳ ಒಲೆ ಆ ವಾದ್ಯದಿಂದ ಉರಿಯುತ್ತಿದೆ.

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲೇ ನಮ್ಮನ್ನು ಅಗಲಿದರು. ಈ ವೇದಿಕೆಯಿಂದ ನನ್ನದೊಂದು ಬೇಡಿಕೆ ಇದೆ. ಅವರು ಯಾವ ಕೀಲಿಯನ್ನು ಹೇಗೆ ಬದಲಿಸಿದರು, ಯಾವ ಗಮಕಕ್ಕೆ ತುಟಿಯನ್ನು ಎಷ್ಟು ಬಿಗಿ ಹಿಡಿಯುತ್ತಿದ್ದರು ಎಂಬುದನ್ನು ಅವರ ಶಿಷ್ಯರ, ಪಕ್ಕವಾದ್ಯದವರ ಬಾಯಿಂದ ಕೇಳಿ, ನಕ್ಷೆ, ಧ್ವನಿಮುದ್ರಣಗಳ ಸಹಿತ ಕನ್ನಡದಲ್ಲಿ ದಾಖಲಿಸಬೇಕು. ಅವರ ಜತೆ ಕೂತು ನುಡಿಸಿದವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.