ಹೊಸಬರ ಹಂತ ಮುಗೀತು ಅಂತ ಹೆಂಗ ತಿಳೀಬೇಕು?





ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡದಿಂದ ಹರಿಶ್ಚಂದ್ರ ಬಿರಾಜದಾರರಂಥ ಪೈಲವಾನರು ಬಂದರು. ಬಲದ ಹುಚ್ಚು ನಮ್ಮ ಕಡೆಗೆ ಹೊಸದಲ್ಲ. ಈಗ ತಾಲೀಮಿನ ಜಾಗದಾಗ ಜಿಮ್ ಬಂದಾವು, ಕುಸ್ತಿ ಜಾಗದಾಗ ಪೊಲೀಸ್ ಭರತಿ ಬಂದದ. ಉಮರ್ಗಾದಿಂದ ಉದಗೀರದ ತನಕ ಹುಡುಗರು ಕೇಳುವ ಪ್ರಶ್ನೆ ಒಂದೇ: "ಆರು ತಿಂಗಳಾತು, ಇನ್ನ ಮುಂದಿನ ಹಂತದ ವ್ಯಾಯಾಮ ಹಿಡೀಲೇನು?" ತಿಂಗಳು ಎಣಿಸಿ ಇದಕ್ಕೆ ಉತ್ತರ ಹೇಳಾಕ ಬರೂದಿಲ್ಲ. ಕನ್ನಡಿ ನೋಡಿ ಅಂತೂ ಬರೂದೇ ಇಲ್ಲ.

ಹೊಸಬರ ಮೈ ಬೇಗ ಕಲಿಯುತ್ತದೆ. ಸೋಮವಾರ 40 ಕಿಲೋ ಹೆಗಲ ಮೇಲೆ ಹೊತ್ತು, ಸುತ್ತಿಗೆ ಐದರಂತೆ ಮೂರು ಸುತ್ತು ಬೈಠಕ್ ಹೊಡೆದಿರಿ ಅನ್ನಿ. ಬುಧವಾರದೊಳಗೆ ಮೈ ದಣಿವು ಆರಿಸಿಕೊಂಡು 42.5 ಕಿಲೋಗೆ ತಯಾರಿರುತ್ತದೆ. ಶುಕ್ರವಾರ 45. ಹೀಗೆ ಏರುತ್ತಿರುವ ತನಕ ನೀವು ಹೊಸಬರೇ. ಇಷ್ಟು ವೇಗದ ಬೆಳವಣಿಗೆ ಮುಂದೆ ಸಿಗೂದಿಲ್ಲ, ಪೂರಾ ಬಳಸಿಕೊಳ್ರಿ.

ಒಂದು ದಿನ ಭಾರ ಏಳಲಿಲ್ಲ ಅಂತ ಹಂತ ಮುಗೀತು ಅನ್ನಬ್ಯಾಡ್ರಿ. ಮೂರು ದಿನದ ವ್ಯಾಯಾಮದಾಗೂ ಅದೇ ಭಾರ ಏಳದಿದ್ದರೆ ನೂರಕ್ಕೆ ಹತ್ತರಷ್ಟು ಇಳಿಸಿ ಮತ್ತೆ ಏರಿಸುತ್ತ ಬರ್ರಿ. ಮತ್ತೂ ಅಲ್ಲೇ ನಿಂತರೆ ಮೊದಲು ನಿದ್ದೆ ನೋಡ್ರಿ, ತಾಟು ನೋಡ್ರಿ. ಉದಗೀರದ ಮೋಂಢಾದಾಗ ದಿನವೆಲ್ಲ ಚೀಲ ಹೊತ್ತು ಸಂಜೆಗೆ ಜಿಮ್‌ಗೆ ಬರುವವನ ಮೈ ಮುಂಜಾನೆಯಿಂದಲೇ ಭಾರ ಎತ್ತಿರುತ್ತದೆ. ಮೊಬೈಲ್ ವಿಡಿಯೊದ ಲೆಕ್ಕ ಅವನಿಗೆ ಹೊಂದೂದಿಲ್ಲ. ತಾಟಿನ ಮಾತು ಇನ್ನೂ ಕಷ್ಟದ್ದು. 2015ರಲ್ಲಿ ಮಹಾರಾಷ್ಟ್ರದಾಗ ಎತ್ತು-ಹೋರಿ ಕಡಿಯೂದಕ್ಕೂ ನಿಷೇಧ ಬಂತು. ಕಡಿಮೆ ರೊಕ್ಕಕ್ಕೆ ಸಿಗುತ್ತಿದ್ದ ಮಾಂಸ ನಮ್ಮ ಎಷ್ಟೋ ಮನೆಗಳ ಒಲೆಯಿಂದ ದೂರಾತು. ಆ ಜಾಗಕ್ಕೆ ತತ್ತಿ, ಶೇಂಗಾ, ಬ್ಯಾಳಿ, ಕಡಲಿ ಬರಬೇಕು. ಇವು ಹೊಟ್ಟೆಗೆ ಬೀಳದೆ ನಿಂತ ಭಾರವನ್ನ ಹಂತದ ಲೆಕ್ಕಕ್ಕೆ ಹಿಡೀಬ್ಯಾಡ್ರಿ. ಸಾಲ ಮಾಡಿ ಪೌಡರ್ ಡಬ್ಬಿ ತರೂದು, ಇಂಜೆಕ್ಷನ್ ಚುಚ್ಚಿಸಿಕೊಳ್ಳೂದು ಬ್ಯಾಡವೇ ಬ್ಯಾಡ.

ಊಟ-ನಿದ್ದೆ ಸರಿಯಿದ್ದೂ ಭಾರ ನಿಂತರೆ, ಆಗ ಹೊಸಬರ ಹಂತ ಮುಗೀತು. ಲೆಕ್ಕವನ್ನ ವಾರಕ್ಕೆ ಬದಲಿಸ್ರಿ: ಸೋಮವಾರ ಹೆಚ್ಚು ಸುತ್ತು, ಬುಧವಾರ ಹಗುರ, ಶುಕ್ರವಾರ ಒಂದೇ ಸುತ್ತು ಹೊಸ ಭಾರ. ಮಧ್ಯಮ ಹಂತ ಅಂದರೆ ಇಷ್ಟೇ, ಹತ್ತು ಥರದ ಮಷೀನು ಬೇಕಿಲ್ಲ. ಎಲ್ಲಾ ವ್ಯಾಯಾಮ ಒಟ್ಟಿಗೇ ನಿಲ್ಲೂದೂ ಇಲ್ಲ. ಸಾಮಾನ್ಯವಾಗಿ ತಲೆಮೇಲೆ ಎತ್ತೂದು ಮೊದಲು ನಿಲ್ಲತದ. ನಿಂತದ್ದನ್ನಷ್ಟೇ ಬದಲಿಸ್ರಿ.

ಭರತಿ ಮೈದಾನದಾಗ ಗಂಡುಮಕ್ಕಳ ಗುಂಡು 7.26 ಕಿಲೋ, ಹೆಣ್ಣುಮಕ್ಕಳದು 4 ಕಿಲೋ. ಅದರ ಜೊತೆ ಓಟವೂ ಇದೆ. ತಾರೀಖು ಹತ್ತಿರ ಬಂದಾಗ ಹಂತ ಬದಲಿಸಾಕ ಹೋಗಬ್ಯಾಡ್ರಿ. ತಂಗಿಯರೇ, ನಿಮಗೂ ಇದೇ ಲೆಕ್ಕ, ಏರಿಕೆ ಮಾತ್ರ ಒಂದೊಂದು ಕಿಲೋ ಇರಲಿ. ನಾಳೆಯಿಂದ ಒಂದು ನೋಟಬುಕ್ ಇಟ್ಟು ತಾರೀಖು, ಭಾರ, ಎಷ್ಟು ಸುತ್ತು, ಏನು ಉಂಡಿರಿ, ಎಷ್ಟು ತಾಸು ಮಲಗಿದಿರಿ ಬರೀರಿ. ಬರುವ ತಿಂಗಳ ಸಭೆಗೆ ಅದನ್ನ ತಗೊಂಡು ಬರ್ರಿ, ಕೂಡಿ ನೋಡೋಣ.