ಮನೆ ಮಾರಿದವರ ಮಾತು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವಗಳಲ್ಲಿ ಮನೆ ಕಟ್ಟಿದವರು ಮಾತನಾಡುವುದು ವಾಡಿಕೆ. ನಾವಾದರೋ ಮನೆ ಮಾರಿದವರು. ಆದರೂ ನಮ್ಮ ಕಾಸರಗೋಡು ಸೀಮೆಯಲ್ಲಿ ಇಂದು ಹಲವು ಸಂಸಾರಗಳ ಮುಂದೆ ಇದೇ ಪ್ರಶ್ನೆ ನಿಂತಿರುವುದರಿಂದ, ನಮಗೆ ಒದಗಿದ ಅನುಭವವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಎದುರಿಗೆ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಿಲಿನ ತೆಂಕು ಮೂಲೆಯಲ್ಲಿ ನಾಗಬನ. ಇದು ನಮ್ಮ ಮನೆ. ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ನಮ್ಮ ತೀರ್ಥರೂಪರು ಅದನ್ನು ಕ್ರಯಕ್ಕೆ ಪಡೆದರು. ಮುಂದೆ ಬಹಳ ವರ್ಷಗಳ ಮೇಲೆ ಅವರು ಮರಣಶಾಸನ ಬರೆಯದೆಯೇ ತೀರಿಕೊಂಡರು. ತಾಯಿಯವರು ಅದಕ್ಕೂ ಮೊದಲೇ ಹೋಗಿದ್ದರು. ಗಂಡುಮಕ್ಕಳಾದ ನಾವು ಮೂವರೂ ಉದ್ಯೋಗವನ್ನರಸಿ ಮೂರು ಊರು ಸೇರಿದೆವು. ಹಂಚು ಸರಿಯಿತು, ಪಕ್ಕಾಸಿಗೆ ಗೆದ್ದಲು ಹಿಡಿಯಿತು. ಒಂದು ಮಳೆಗಾಲವೆಲ್ಲ ಮನೆಯ ಬೀಗ ತೆಗೆಯುವವರೇ ಇಲ್ಲವಾದಾಗ, ಇನ್ನು ಮಾರುವುದೇ ಸರಿಯೆಂದು ನಿಶ್ಚಯಿಸಿದೆವು.

ನಿಶ್ಚಯಿಸಿದವರು ನಾವು ಮೂವರು ಮಾತ್ರ. ಅಕ್ಕನನ್ನು ಕೇಳಬೇಕೆಂದು ತೋಚಲೇ ಇಲ್ಲ. ಒಂದು ಸೀರೆಯನ್ನೂ ಸ್ವಲ್ಪ ಹಣವನ್ನೂ ಕೊಟ್ಟು ಸಹಿ ಪಡೆದರಾಯಿತೆಂದು ಎಣಿಸಿದ್ದೆವು. ಇದನ್ನು ಹೇಳುವಾಗ ಇಂದು ನಾಚಿಕೆಯಾಗುತ್ತದೆ. ನಮ್ಮನ್ನು ತಿದ್ದಿದವರು ದಸ್ತಾವೇಜು ಬರೆಯುವವರು. ಮರಣಶಾಸನ ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಮಗಳಿಗೂ ಮಗನಿಗೂ ಸಮಪಾಲು. ಮನೆಯವರೇ ವಾಸವಿರುವ ಮನೆಯನ್ನು ಗಂಡುಮಕ್ಕಳು ಪಾಲುಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲವೆಂದು ಅದರ 23ನೆಯ ಕಲಮು ತಡೆದಿತ್ತು. ಆ ಕಲಮೂ 2005ರ ಸೆಪ್ಟೆಂಬರ್ 9ರಿಂದ ಇಲ್ಲವಾಯಿತು. ಇನ್ನು, ಹೀಗೆ ಒಟ್ಟಾಗಿ ಬಂದ ಆಸ್ತಿಯಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಹೊರಟರೆ, ಅದನ್ನು ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗೆ ಉಂಟೆಂದು 22ನೆಯ ಕಲಮು ಹೇಳುತ್ತದೆ. ಇಷ್ಟನ್ನು ಕೇಳಿ ತಿಳಿದ ಮೇಲೆ ಅಕ್ಕನ ಮನೆಗೆ ಹೋದೆವು.

ಅಕ್ಕ ಕೇಳಿದ್ದು ಒಂದೇ ಮಾತು: "ಹಳೆಯ ಕಾಗದ ತಂದಿದ್ದೀರಾ?"

ತಂದಿದ್ದೆವು. ದಸ್ತಾವೇಜು ಬರೆಯುವವರಿಗೆ ಕನ್ನಡ ಬಾರದುದರಿಂದ ಸರ್ವೆ ನಂಬರನ್ನಷ್ಟೇ ನೋಡಿ ಮಲಯಾಳದಲ್ಲಿ ಹೊಸ ಕರಡು ಮಾಡಿದ್ದರು. ನಮ್ಮ ಮಕ್ಕಳಿಗೆ ಅದನ್ನು ಓದಲು ತಿಳಿಯದು. ನಾವು ಕೂಡ ಮೋಡಿ ಬರಹವೆಂದು ನೆವ ಹೇಳಿ ಮಡಚಿಟ್ಟಿದ್ದೆವು. ಎಂಟನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಕಲಿತ ಅಕ್ಕ ಕನ್ನಡಕ ಏರಿಸಿ, ಮೂಡು, ತೆಂಕು, ಪಡು, ಬಡಗು ಎಂದು ಗಡಿಗಳನ್ನು ಒಂದೊಂದಾಗಿ ಓದುತ್ತ ಹೋದಳು. ಕೊನೆಯ ಸಾಲುಗಳಲ್ಲಿ ತಡೆದಳು. ನಾಗಬನಕ್ಕೆ ಹೋಗುವ ಕಾಲುದಾರಿಯನ್ನು ಮಾರಿದವರ ಮನೆತನಕ್ಕೂ ಎಂದೆಂದಿಗೂ ತೆರೆದಿಡತಕ್ಕದ್ದೆಂದು ಅಲ್ಲಿ ಬರೆದಿತ್ತು.

"ಪಂಚಮಿಗೆ ಬರುತ್ತಿದ್ದವರು ಯಾರೆಂದು ಈಗ ತಿಳಿಯಿತೋ?" ಎಂದಳು.

ನಾವು ಚಿಕ್ಕವರಿದ್ದಾಗ ಪ್ರತಿವರ್ಷ ನಾಗರಪಂಚಮಿಯ ದಿನ ಒಂದು ಸಂಸಾರ ಹಾಲು, ಸೀಯಾಳ ಹಿಡಿದು ಬರುತ್ತಿತ್ತು. ನಾಗನಿಗೆ ತನು ಎರೆದು, ಜಗಲಿಯ ಅಂಚಿನಲ್ಲಿ ಕುಳಿತು ಬೆಲ್ಲ ನೀರು ಕುಡಿದು, ಮನೆಯನ್ನೊಮ್ಮೆ ನೋಡಿ ಹೋಗುತ್ತಿತ್ತು. ತೀರ್ಥರೂಪರು ಅಂದು ಬೆಳಗ್ಗೆಯೇ ಬೇಲಿಯ ಬಾಗಿಲು ತೆಗೆದಿಡುತ್ತಿದ್ದರು. ಯಾರೋ ಹರಕೆಯವರೆಂದು ನಾವು ತಿಳಿದಿದ್ದೆವು. ಅವರೂ ನಮ್ಮಂತೆಯೇ ಮನೆ ಮಾರಿದವರು! ನಾವು ಬೀಗ ಹಾಕಿ ಹೋದ ಮೇಲೂ ಅವರ ಮಕ್ಕಳು ಬರುತ್ತಿದ್ದರೆಂದು ಆಮೇಲೆ ನೆರೆಯವರು ಹೇಳಿದರು.

ಕೊಳ್ಳುವವರು ಮಲಯಾಳ ಮನೆಮಾತಿನ ಸಜ್ಜನರು. ಇದ್ದುದನ್ನು ಇದ್ದಂತೆ ತಿಳಿಸಿದೆವು. ನಾಗನ ದಾರಿಯನ್ನು ಮುಚ್ಚುವ ಧೈರ್ಯ ತಮಗೂ ಇಲ್ಲವೆಂದರು. ಕರಡನ್ನು ತಿದ್ದಲಾಯಿತು. ಆ ಹಳೆಯ ಮನೆತನದೊಂದಿಗೆ ನಮ್ಮ ಮನೆತನಕ್ಕೂ ದಾರಿಯ ಹಕ್ಕು ಹೊಸ ಪತ್ರದಲ್ಲಿ ಸೇರಿತು. ಬೆಲೆ ಸ್ವಲ್ಪ ಇಳಿಯಿತು, ಇಳಿಯಲಿ ಎಂದೆವು. ಅಕ್ಕ ನಾಲ್ಕರಲ್ಲೊಂದು ಪಾಲನ್ನು ಪೂರ್ತಿಯಾಗಿ ತೆಗೆದುಕೊಂಡಳು. "ಇದು ಅಪ್ಪನದು, ನೀವು ಕೊಟ್ಟದ್ದಲ್ಲ" ಎಂದಳು. ಆ ಮಾತಿಗೆ ಎದುರಾಡಲು ನಮ್ಮಲ್ಲಿ ಏನೂ ಇರಲಿಲ್ಲ.

ಮಂಜೇಶ್ವರದ ಗೋವಿಂದ ಪೈಯವರ ಮನೆ ಸ್ಮಾರಕವಾಗಿ ಉಳಿದಿದೆ. ಎಲ್ಲರ ಮನೆಗೂ ಆ ಭಾಗ್ಯ ಬರಲಾರದು. ಮಾರುವುದು ಪಾಪವೂ ಅಲ್ಲ. ಆದರೆ 1956ರ ನವೆಂಬರ್ 1ಕ್ಕೆ ಮೊದಲು ಬರೆದ ಕನ್ನಡ ಪತ್ರಗಳು ನಮ್ಮ ನಿಮ್ಮ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಓದಬಲ್ಲವರು ಇರುವಾಗಲೇ ಅವನ್ನು ತೆಗೆದು ಓದಿಸಿರಿ, ಮಕ್ಕಳಿಗೆ ಓದಲು ಕಲಿಸಿರಿ. ಪರರ ಹಕ್ಕು ಯಾವ ಸಾಲಿನಲ್ಲಿ ಅಡಗಿದೆಯೋ, ನಮ್ಮ ಹಿರಿಯರ ಮಾತು ಯಾವ ಸಾಲಿನಲ್ಲಿದೆಯೋ! ಮಾರುವ ಯೋಚನೆ ಹುಟ್ಟಿದಂದೇ ಹೆಣ್ಣುಮಕ್ಕಳನ್ನು ಕರೆದು ಕೇಳಿರಿ.

ಕಳೆದ ಪಂಚಮಿಗೆ ನಾವೂ ಹಾಲು, ಸೀಯಾಳ ಹಿಡಿದು ಹೋದೆವು. ಅಕ್ಕ ಮುಂದೆ ನಡೆದಳು. ಬೇಲಿಯ ಬಾಗಿಲನ್ನು ಹೊಸ ಯಜಮಾನರು ತೆಗೆದಿಟ್ಟಿದ್ದರು. ಜಗಲಿಯ ಅಂಚಿನಲ್ಲಿ ಕುಳಿತು, ಅವರು ಕೊಟ್ಟ ನೀರು ಕುಡಿದು, ಮನೆಯನ್ನೊಮ್ಮೆ ನೋಡಿ ಬಂದೆವು.