ದನಿಯನ್ನು ಉಳಿಸುವ ದುಡಿಮೆ
(ಶತಮಾನೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಈ ನೆಲದ ಸಾಹಿತ್ಯ, ಯಕ್ಷಗಾನ ಮತ್ತು ಭಾಷಾ ಹೋರಾಟಗಳ ಕುರಿತು ಬಲ್ಲವರು ಬೆಳಗ್ಗಿನಿಂದ ಮಾತನಾಡಿದ್ದಾರೆ. ನಮಗೆ ವಹಿಸಿದ ವಿಷಯ ಅವುಗಳ ಮುಂದೆ ತೀರ ಲೌಕಿಕವಾದುದು. ಸ್ವಂತ ದುಡ್ಡಿನಲ್ಲಿ, ನಿರ್ಮಾಪಕರ ಹಂಗಿಲ್ಲದೆ ಹಾಡು ಮತ್ತು ಕಿರುಚಿತ್ರಗಳನ್ನು ಮಾಡುವ ನಮ್ಮಂಥವರಿಗೆ ದಿನವೂ ಎದುರಾಗುವ ತಾಂತ್ರಿಕ ತೊಡಕುಗಳು ಯಾವುವು, ಅವುಗಳಿಂದ ಶಾಲೆಗೂ ಊರಿಗೂ ತಿಳಿಯಬೇಕಾದುದೇನು ಎಂಬುದನ್ನು ನಮ್ಮ ಪುಟ್ಟ ತಂಡದ ಪರವಾಗಿ ನಿವೇದಿಸಿಕೊಳ್ಳುತ್ತೇವೆ.

ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ 2018ರಲ್ಲಿ ತೆರೆಕಂಡಾಗ ನಮ್ಮ ಜಿಲ್ಲೆಯ ಕನ್ನಡ ಶಾಲೆಯ ಪಾಡು ಕನ್ನಡ ನಾಡಿಗೆಲ್ಲ ಪರಿಚಯವಾಯಿತು. ಅಂಥ ಚಿತ್ರದಲ್ಲಿ ಧ್ವನಿಗೊಬ್ಬರು, ಬೆಳಕಿಗೊಬ್ಬರು, ಸಂಕಲನಕ್ಕೊಬ್ಬರು ಇರುತ್ತಾರೆ. ಸ್ವತಂತ್ರ ಕೆಲಸದಲ್ಲಿ ಈ ಎಲ್ಲ ವೇಷಗಳನ್ನೂ ಇಬ್ಬರು ಮೂವರೇ ಕಟ್ಟಬೇಕು. ಹಾಡುವವನೇ ಮೈಕು ನಿಲ್ಲಿಸಬೇಕು. ಮೈಕು ನಿಲ್ಲಿಸಿದವನೇ ಕೆಟ್ಟ ತಂತಿಗೆ ಬೆಸುಗೆ ಹಾಕಬೇಕು. ಆದುದರಿಂದ ತೊಡಕುಗಳ ಪರಿಚಯ ನಮಗೆ ಮೂಲದಿಂದಲೇ ಆಗುತ್ತದೆ.

ಮೊದಲನೆಯದಾಗಿ ಧ್ವನಿ. ಗಣಕಯಂತ್ರವು ದನಿಯನ್ನು ಹೊಳೆಯ ನೀರಿನಂತೆ ಅಖಂಡವಾಗಿ ಹಿಡಿಯುವುದಿಲ್ಲ. ಒಂದು ಸೆಕೆಂಡನ್ನು ಸಾವಿರಾರು ಚುಕ್ಕಿಗಳಾಗಿ ಅಳೆದು ಬರೆದಿಡುತ್ತದೆ. ಸಂಗೀತದ ಸಿ.ಡಿ.ಗೆ ಸೆಕೆಂಡಿಗೆ 44,100 ಚುಕ್ಕಿಗಳು. ಚಲನಚಿತ್ರಕ್ಕೆ ರೂಢಿಯಲ್ಲಿರುವುದು 48,000. ಮೊದಲ ಲೆಕ್ಕದಲ್ಲಿ ಮುದ್ರಿಸಿದ್ದನ್ನು ಎರಡನೆಯ ಲೆಕ್ಕದಲ್ಲಿ ಓಡಿಸಿದರೆ ಒಂದು ಗಂಟೆಯ ಹಾಡುಗಾರಿಕೆ 55 ನಿಮಿಷ 8 ಸೆಕೆಂಡುಗಳ ಒಳಗೆ ಮುಗಿದುಹೋಗುತ್ತದೆ. ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಏರುತ್ತದೆ. ಕಪ್ಪು ಎರಡರಲ್ಲಿ ಹಾಡಿದ ಭಾಗವತರ ದನಿ ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ, ಹಾರ್ಮೋನಿಯಂನಲ್ಲಿ ಮನೆಯೇ ಇಲ್ಲದ ಜಾಗದಲ್ಲಿ ಹೋಗಿ ನಿಲ್ಲುತ್ತದೆ. ಕೇಳುವವರು ‘ಭಾಗವತರಿಗೆ ಇಂದು ಕಂಠ ಸರಿಯಿಲ್ಲ’ ಎನ್ನುತ್ತಾರೆ. ತಪ್ಪು ಕಂಠದ್ದಲ್ಲ, ಲೆಕ್ಕದ್ದು.

ಎರಡು ಯಂತ್ರಗಳ ಗಡಿಯಾರಗಳು ಹೊಂದದಿರುವುದು ಇನ್ನೊಂದು ತೊಡಕು. ಚಿತ್ರವನ್ನು ಕ್ಯಾಮರಾದಲ್ಲಿಯೂ ದನಿಯನ್ನು ಬೇರೆ ಮುದ್ರಣಯಂತ್ರದಲ್ಲಿಯೂ ಹಿಡಿಯುವುದು ವಾಡಿಕೆ. ಎರಡರ ನಡಿಗೆಯಲ್ಲಿ ಹತ್ತು ಲಕ್ಷಕ್ಕೆ ಕೇವಲ 30ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲು ಅಂತರ ಬೀಳುತ್ತದೆ. ಮೂರು ಗಂಟೆಯ ತಾಳಮದ್ದಳೆಯ ಕೊನೆಗೆ ಅರ್ಥಧಾರಿಯ ತುಟಿ ಮುಂದೆ, ಮಾತು ಹಿಂದೆ. ಆರಂಭದಲ್ಲೊಮ್ಮೆ ಕೊನೆಯಲ್ಲೊಮ್ಮೆ ಎರಡೂ ಯಂತ್ರಗಳಿಗೆ ಕಾಣುವಂತೆ, ಕೇಳುವಂತೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೆ ಆ ಎರಡು ಗುರುತುಗಳ ನಡುವೆ ಧ್ವನಿಯನ್ನು ತುಸು ಹಿಗ್ಗಿಸಿ ಅಥವಾ ಕುಗ್ಗಿಸಿ ಹೊಂದಿಸಬಹುದು. ಮೈಕನ್ನು ದೂರದಲ್ಲಿಡುವಾಗಲೂ ಈ ಲೆಕ್ಕ ನೆನಪಿರಬೇಕು. ದನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಂಗಸ್ಥಳದಿಂದ 34 ಮೀಟರ್ ಹಿಂದೆ ನಿಂತ ಕ್ಯಾಮರಾಕ್ಕೆ ಚೆಂಡೆಯ ಪೆಟ್ಟು ಕೇಳುವುದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ.

ಚೆಂಡೆಯ ಮಾತು ಬಂದುದರಿಂದ ಹೇಳುತ್ತೇವೆ: ತೆಂಕುತಿಟ್ಟಿನ ಹಿಮ್ಮೇಳವನ್ನು ಮುದ್ರಿಸುವುದು ಯಾವ ಯಂತ್ರಕ್ಕೂ ಸತ್ವಪರೀಕ್ಷೆಯೇ. ಭಾಗವತರ ಮೆಲುದನಿಯ ಆಲಾಪನೆಗೆ ಹೊಂದಿಸಿಟ್ಟ ಮಟ್ಟದಲ್ಲಿ ಚೆಂಡೆಯ ಉರುಳಿಕೆ ಬಂದರೆ ದನಿಯ ನೆತ್ತಿ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿದ ದನಿಯನ್ನು ಆಮೇಲೆ ಮೊದಲಿನಂತೆ ಮಾಡಲಾಗದು. ಆದ್ದರಿಂದ 24 ಬಿಟ್ಟಿನಲ್ಲಿ ಮುದ್ರಿಸಿ, ಅತಿ ಜೋರಿನ ಪೆಟ್ಟೂ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ನೋಡಿಕೊಳ್ಳಬೇಕು. ಆಗ ಸದ್ದು ಸಣ್ಣದಾಗಿದೆ ಎಂದು ನೋಡುವವರಿಗೆ ಅನಿಸಬಹುದು. ಸಣ್ಣದನ್ನು ದೊಡ್ಡದು ಮಾಡಬಹುದು, ಒಡೆದುದನ್ನು ಕೂಡಿಸಲಾಗದು.

ಇಡೀ ರಾತ್ರಿಯ ಆಟಕ್ಕೆ ಸಂಬಂಧಿಸಿದ ಒಂದು ತಮಾಷೆಯ ತೊಡಕೂ ಇದೆ. ಸಾಮಾನ್ಯ ‘ವೇವ್’ ಕಡತ 4 ಗಿಗಾಬೈಟಿಗಿಂತ ದೊಡ್ಡದಾಗಲಾರದು. ಆ ಕಡತದ ತಲೆಬರಹದಲ್ಲಿ ಅಳತೆ ಬರೆಯಲು ಬಿಟ್ಟ ಜಾಗವೇ ಅಷ್ಟು. 24 ಬಿಟ್ಟಿನ ಸ್ಟೀರಿಯೊ ಮುದ್ರಣ ಸುಮಾರು 4 ಗಂಟೆ 8 ನಿಮಿಷಕ್ಕೆ ಆ ಮಿತಿಯನ್ನು ಮುಟ್ಟುತ್ತದೆ. ಈ ಕಡತವನ್ನು ರೂಪಿಸಿದವರ ಕಣ್ಣಮುಂದೆ ಸಂಜೆ ಚೌಕಿಪೂಜೆಗೆ ತೊಡಗಿ ಬೆಳಗಿನ ಮಂಗಳಕ್ಕೆ ಮುಗಿಯುವ ಕಲೆ ಇರಲಿಲ್ಲ. ಒಳ್ಳೆಯ ಯಂತ್ರಗಳು ಕಡತವನ್ನು ತಾವೇ ತುಂಡರಿಸಿ ಮುಂದುವರಿಸುತ್ತವೆ. ನಿಮ್ಮ ಯಂತ್ರ ಹಾಗೆ ಮಾಡುತ್ತದೆಯೇ ಎಂಬುದನ್ನು ಆಟದ ರಾತ್ರಿ ಅಲ್ಲ, ಹಿಂದಿನ ದಿನ ಮನೆಯಲ್ಲಿ ನೋಡಿಕೊಳ್ಳಬೇಕು.

ಇನ್ನು ವಿದ್ಯುತ್ತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು, ಕ್ಯಾಮರಾಕ್ಕೆ ಕಾಣುತ್ತದೆ. ಸೆಕೆಂಡಿಗೆ 30 ಚಿತ್ರಗಳ ಲೆಕ್ಕದಲ್ಲಿ ಮೊಬೈಲು ಹಿಡಿದ ದೃಶ್ಯದಲ್ಲಿ ಕಪ್ಪು ಪಟ್ಟಿಗಳು ತೇಲುವುದಕ್ಕೆ ಇದೇ ಕಾರಣ. 25 ಚಿತ್ರಗಳ ಲೆಕ್ಕವನ್ನೂ ಐವತ್ತನೆಯ ಒಂದು ಸೆಕೆಂಡಿನ ಶಟರನ್ನೂ ಆರಿಸಿದರೆ ಬಹುಪಾಲು ಪಟ್ಟಿಗಳು ಮಾಯವಾಗುತ್ತವೆ. ಅದೇ ವಿದ್ಯುತ್ತು ಧ್ವನಿವರ್ಧಕದಲ್ಲಿ ‘ಗುಂಯ್’ ಎಂಬ ಗುನುಗಾಗಿ ಕೇಳುತ್ತದೆ. ಗುನುಗನ್ನು ತಪ್ಪಿಸಲೆಂದು ಕೆಲವರು ಪ್ಲಗ್ಗಿನ ಅರ್ತ್ ಕಡ್ಡಿಯನ್ನೇ ಕಿತ್ತುಬಿಡುತ್ತಾರೆ. ಮಳೆಗಾಲದ ಒದ್ದೆ ಚಪ್ಪರದಲ್ಲಿ ಇದು ಪ್ರಾಣಕ್ಕೆ ಸಂಚಕಾರ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸುವುದು, ಎಲ್ಲ ಯಂತ್ರಗಳನ್ನೂ ಒಂದೇ ಪ್ಲಗ್ಗುಹಲಗೆಗೆ ಸೇರಿಸುವುದು ಸುರಕ್ಷಿತ ಉಪಾಯಗಳು.

ಕರೆಂಟು ಹೋಗುವುದಂತೂ ನಮಗೆಲ್ಲ ಹಳೆಯ ನಂಟು. ಅನೇಕ ಕ್ಯಾಮರಾಗಳು ದೃಶ್ಯದ ಕಡತದ ಸೂಚಿಯನ್ನು ಮುದ್ರಣ ನಿಲ್ಲಿಸುವಾಗ ಕೊನೆಯಲ್ಲಿ ಬರೆಯುತ್ತವೆ. ನಡುವೆ ವಿದ್ಯುತ್ತು ಕಡಿದರೆ ದೃಶ್ಯವೆಲ್ಲ ಒಳಗಿದ್ದರೂ ಕಡತ ತೆರೆಯುವುದಿಲ್ಲ. ಪರಿವಿಡಿಯಿಲ್ಲದ, ಪುಟಸಂಖ್ಯೆಯಿಲ್ಲದ ಗ್ರಂಥದಂತೆ. ಅಂಥ ಸಂದರ್ಭದಲ್ಲಿ ಆ ಕಾರ್ಡಿನ ಮೇಲೆ ಮತ್ತೇನನ್ನೂ ಮುದ್ರಿಸದೆ ಎತ್ತಿಟ್ಟರೆ, ಅದೇ ಕ್ಯಾಮರಾದ ಸರಿಯಾದ ಇನ್ನೊಂದು ಕಡತವನ್ನು ಮಾದರಿಯಾಗಿಟ್ಟುಕೊಂಡು ಬಹಳಷ್ಟನ್ನು ಮರಳಿ ಪಡೆಯಬಹುದು.

ಮಳೆಯ ಕುರಿತು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಸುರಿಯುವ ನಮ್ಮ ಊರುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚಪ್ಪಲಿಗೆ ಹಿಡಿಯುವ ಬೂಷ್ಟು ಕ್ಯಾಮರಾದ ಮಸೂರಕ್ಕೂ ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಹರಳುಗಳಿದ್ದರೆ ಸಾಕು. ಹರಳು ಬಣ್ಣ ಬದಲಿಸಿದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದು ಬೇಡ, ಅಕ್ಕಿಯ ಹುಡಿ ಸಂದುಗಳಿಗೆ ಸೇರುತ್ತದೆ.

ಇನ್ನು ನಮ್ಮ ಗಡಿನಾಡಿಗೇ ವಿಶೇಷವಾದ ತೊಡಕು, ಅಕ್ಷರ. ನಮ್ಮ ಚಿತ್ರಗಳಲ್ಲಿ ಅಜ್ಜಿ ತುಳುವಿನಲ್ಲಿ ಪಾಡ್ದನ ಹೇಳುತ್ತಾಳೆ, ಮೊಮ್ಮಗಳು ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾಳೆ, ಅಂಗಡಿಯವರು ಮಲಯಾಳದಲ್ಲಿ ಉತ್ತರಿಸುತ್ತಾರೆ. ಅಡಿಬರಹ ಎರಡು ಲಿಪಿಗಳಲ್ಲಾದರೂ ಬೇಕು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ದೊರೆತಿದೆ. ಆದರೂ ಕೆಲವು ಸಂಕಲನ ತಂತ್ರಾಂಶಗಳು ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವುದಿಲ್ಲ. ‘ಶಾಸ್ತ್ರ’ ಎಂದು ಬರೆದರೆ ಅರ್ಧಾಕ್ಷರಗಳು ಬಿಡಿಬಿಡಿಯಾಗಿ ಸಾಲುಗಟ್ಟುತ್ತವೆ. ಮಲಯಾಳದ ಚಿಲ್ಲಕ್ಷರಗಳಿಗೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಕೇತ ಸಿಕ್ಕಿದ್ದು 2008ರಲ್ಲಿ; ಹಳೆಯ ರೀತಿಯಲ್ಲಿ ಬೆರಳಚ್ಚಿಸಿದವು ಕೆಲವೆಡೆ ಈಗಲೂ ಒಡೆದು ಕಾಣುತ್ತವೆ. ತಂತ್ರಾಂಶದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗೆಂದು ಇರುವ ವ್ಯವಸ್ಥೆಯನ್ನು ಹುಡುಕಿ ಜಾರಿಗೊಳಿಸಬೇಕು. ಅದೂ ಇಲ್ಲದಿದ್ದರೆ ಶೀರ್ಷಿಕೆಯನ್ನು ಬೇರೆಡೆ ಚಿತ್ರವಾಗಿ ಮಾಡಿ ತಂದು ಅಂಟಿಸಬೇಕು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪದ್ಯಗಳನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಇಟ್ಟುಕೊಳ್ಳಬೇಕು. ಇಲ್ಲವಾದರೆ ಫಾಂಟು ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಗುರುತುಗಳ ರಾಶಿಯಾಗುತ್ತವೆ. ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲಿ ತೆರೆಯ ಮೇಲೆ ತಪ್ಪಿಲ್ಲದೆ ಕಾಣುವುದಕ್ಕೆ ಇಷ್ಟು ಹೆಣಗಬೇಕೆ ಎಂದು ಬೇಸರವಾಗುವುದುಂಟು. ಶಾಲೆಯ ನಾಮಫಲಕದಲ್ಲಿ ಕನ್ನಡ ಉಳಿಯಲೆಂದು ಹೆಣಗಿದ ಹಿರಿಯರ ನೆನಪಾದರೆ ಆ ಬೇಸರ ನಿಲ್ಲುವುದಿಲ್ಲ.

ಹಕ್ಕುಗಳ ತೊಡಕನ್ನೂ ಸಂಕ್ಷೇಪವಾಗಿ ಹೇಳಬೇಕು. ನೂರಾರು ವರ್ಷ ಹಳೆಯ ದಾಸರ ಪದವನ್ನು ನಾವೇ ಹಾಡಿ ಅಂತರ್ಜಾಲಕ್ಕೆ ಏರಿಸಿದರೂ ‘ಇದು ಇನ್ನೊಬ್ಬರ ಸ್ವತ್ತು’ ಎಂಬ ಯಾಂತ್ರಿಕ ಆಕ್ಷೇಪ ಬರುವುದುಂಟು. ಪದಕ್ಕೆ ಒಡೆತನವಿಲ್ಲ, ಆದರೆ ಯಾರೋ ಮಾಡಿದ ಅದರ ಧ್ವನಿಮುದ್ರಣಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ 60 ವರ್ಷಗಳ ರಕ್ಷಣೆಯಿದೆ. ಹಾಡಿದವರಿಗೂ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ನಮ್ಮ ಮೂಲ ಮುದ್ರಣ, ದಿನಾಂಕ ಮತ್ತು ಕಲಾವಿದರ ಲಿಖಿತ ಒಪ್ಪಿಗೆ ಕೈಯಲ್ಲಿದ್ದರೆ ಆಕ್ಷೇಪಕ್ಕೆ ಉತ್ತರ ಕೊಡಬಹುದು. ಅಜ್ಜಿಯ ಪಾಡ್ದನವಾದರೂ ಅಷ್ಟೇ. ಅವಳನ್ನು ಕೇಳದೆ ಅವಳ ದನಿಯನ್ನು ಊರಿಗೆ ಹಂಚುವ ಹಕ್ಕು ಮೊಮ್ಮಕ್ಕಳಿಗೂ ಇಲ್ಲ.

ಈ ತೊಡಕುಗಳನ್ನೆಲ್ಲ ಇಲ್ಲಿ ಹೇಳುವುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಹೆತ್ತವರಿಗೆ. ಕನ್ನಡದಲ್ಲಿ ಓದಿದ ಮಕ್ಕಳಿಗೆ ತಂತ್ರಜ್ಞಾನ ದಕ್ಕೀತೇ ಎಂಬ ಆತಂಕ ನಿಮ್ಮಲ್ಲಿದೆ, ಅದು ಹುಸಿಯೆಂದು ನಾವು ಹೇಳುವುದಿಲ್ಲ. ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ರಿಪೇರಿ ಅಂಗಡಿಯ ಮಾತು ಮಲಯಾಳದಲ್ಲಿದೆ, ಎರಡನ್ನೂ ಕಲಿಯಲೇಬೇಕು. ಆದರೆ ತರಂಗ, ಆವೃತ್ತಿ, ಅನುರಣನ ಎಂಬುವು ಏನೆಂದು ನಮಗೆ ಮೊದಲು ತಿಳಿದದ್ದು ಇದೇ ಶಾಲೆಯ ವಿಜ್ಞಾನದ ತರಗತಿಯಲ್ಲಿ, ಇದೇ ಕನ್ನಡದಲ್ಲಿ. ಅರ್ಥವಾದ ವಿಷಯಕ್ಕೆ ಇನ್ನೊಂದು ಭಾಷೆಯ ಹೆಸರನ್ನು ಕಲಿಯುವುದು ಕೆಲವು ದಿನಗಳ ಕೆಲಸ. ಅರ್ಥವಾಗದ ಹೆಸರನ್ನು ಬಾಯಿಪಾಠ ಮಾಡಿದವರಿಗೆ ಗುನುಗುವ ತಂತಿಯ ಮುಂದೆ ಆ ಹೆಸರು ನೆರವಿಗೆ ಬಾರದು.

ಎರಡನೆಯದು ಶಾಲೆಗೆ. ಈ ಊರಿನ ಮನೆಗಳ ಅಟ್ಟಗಳಲ್ಲಿ, ಶಾಲೆಯ ಕಪಾಟುಗಳಲ್ಲಿ ಕ್ಯಾಸೆಟ್ಟುಗಳಿವೆ. ವಾರ್ಷಿಕೋತ್ಸವದ ನಾಟಕ, ನಿವೃತ್ತ ಅಧ್ಯಾಪಕರ ಬೀಳ್ಕೊಡುಗೆಯ ಮಾತು, ಈಗ ನಮ್ಮೊಂದಿಗಿಲ್ಲದ ಅರ್ಥಧಾರಿಗಳ ವಾದ, ಮದುವೆಯ ಶೋಭಾನೆ ಅವುಗಳಲ್ಲಿ ಮಲಗಿವೆ. ಪ್ರತಿ ಮಳೆಗಾಲವೂ ಅವುಗಳಿಂದ ಒಂದಿಷ್ಟನ್ನು ಅಳಿಸುತ್ತಿದೆ. ಅವುಗಳನ್ನು ಓದಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಒಂದು ಗಂಟೆಯ ಕ್ಯಾಸೆಟ್ಟನ್ನು ಗಣಕಕ್ಕೆ ಇಳಿಸಲು ಒಂದು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ನೂರು ಕ್ಯಾಸೆಟ್ಟುಗಳೆಂದರೆ ನೂರು ಗಂಟೆ. ದಿನಕ್ಕೆ ಎರಡು ಗಂಟೆಯಂತೆ ಐವತ್ತು ದಿನ. ಒಂದು ಬೇಸಗೆ ರಜೆಯಲ್ಲಿ ಮುಗಿಯುವ ಕೆಲಸ.

ನಮ್ಮ ಸೂಚನೆ ಇಷ್ಟೆ. ಶತಮಾನೋತ್ಸವದ ನೆನಪಿಗೆ ಶಾಲೆಯಲ್ಲಿ ಒಂದು ಸಣ್ಣ ಧ್ವನಿಭಂಡಾರ ಇರಲಿ. ಒಂದು ಕೋಣೆ, ಕೆಲಸ ಮಾಡುವ ಒಂದು ಕ್ಯಾಸೆಟ್ ಯಂತ್ರ, ಒಂದು ಗಣಕ, ಎರಡು ಹಾರ್ಡ್‌ಡಿಸ್ಕುಗಳು ಸಾಕು. ಪ್ರತಿ ಮುದ್ರಣಕ್ಕೂ ಮೂರು ಪ್ರತಿಗಳಿರಲಿ. ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಈ ಕಟ್ಟಡದ ಹೊರಗಿರಲಿ. ಜೊತೆಗೆ ಒಂದು ದಾಖಲೆ ಪುಸ್ತಕ: ದನಿ ಯಾರದು, ಯಾವ ಊರು, ಯಾವ ವರ್ಷ, ಯಾವ ಭಾಷೆ, ಒಪ್ಪಿಗೆ ಕೊಟ್ಟವರು ಯಾರು. ಹೆಸರಿಲ್ಲದ ದನಿ ಮುಂದಿನ ತಲೆಮಾರಿಗೆ ಬರಿಯ ಸದ್ದು. ಈ ಪುಸ್ತಕವನ್ನು ವಿದ್ಯಾರ್ಥಿಗಳೇ ಬರೆಯಲಿ. ಮನೆಯ ಹಿರಿಯರ ಬಳಿ ಕುಳಿತು ಕೇಳಿ ಬರೆಯುವಾಗ ಅವರು ಕಲಿಯುವ ಕನ್ನಡ ಯಾವ ಪಠ್ಯದಲ್ಲಿಯೂ ಇಲ್ಲ. ಬರುವ ಬೇಸಗೆ ರಜೆಯಲ್ಲಿ ಈ ಕೆಲಸಕ್ಕೆ ನಮ್ಮ ಯಂತ್ರಗಳನ್ನೂ ನಮ್ಮ ಸಮಯವನ್ನೂ ಕೊಡಲು ನಾವು ಸಿದ್ಧರಿದ್ದೇವೆ.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಈ ಊರಿನವರು ತಮ್ಮ ಮಾತನ್ನು ಮನೆಯಲ್ಲಿ, ರಂಗದಲ್ಲಿ, ಶಾಲೆಯಲ್ಲಿ ಉಳಿಸಿಕೊಂಡರು. ಅವರ ದನಿಯನ್ನು ಉಳಿಸಿಕೊಳ್ಳುವ ಸರದಿ ಈಗ ನಮ್ಮದು. ದಯವಿಟ್ಟು ಮನೆಗೆ ಹೋದವರು ಅಟ್ಟ ಹತ್ತಿ ಒಮ್ಮೆ ನೋಡಿ. ಸಿಕ್ಕಿದ ಕ್ಯಾಸೆಟ್ಟನ್ನು ಬಿಸಿಲಿಗಿಡದೆ, ಹಳೆಯ ಯಂತ್ರಕ್ಕೆ ತುರುಕಿ ಪರೀಕ್ಷಿಸದೆ, ಹಾಗೆಯೇ ಶಾಲೆಗೆ ತನ್ನಿ.